ಪೋಷಕರ ನಂಬರ್ ಯಾರದ್ದು?

ಹಾಸ್ಟೆಲ್ ಅರ್ಜಿಯಲ್ಲಿ ಒಂದು ಕಾಲಂ ಇರುತ್ತದೆ: ‘ತಂದೆ/ತಾಯಿ/ಪೋಷಕರ ದೂರವಾಣಿ ಸಂಖ್ಯೆ’. ಆರು ವರ್ಷ ಕಾಲೇಜು ಹಾಸ್ಟೆಲಿನ ವಾರ್ಡನ್ ಆಗಿದ್ದ ನಾನು ಮೊದಮೊದಲು ಆ ಕಾಲಂ ಭರ್ತಿಯಾಗಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದೆ. ಅಲ್ಲಿ ಬರೆದ ನಂಬರ್ ಯಾರದ್ದು ಎಂದು ಕೇಳಬೇಕು ಅಂತ ಹೊಳೆದದ್ದು 2018ರ ನವೆಂಬರ್‌ನಲ್ಲಿ.

ಬಿ.ಎಸ್‌ಸಿ. ಎರಡನೇ ವರ್ಷದ ಹುಡುಗನೊಬ್ಬನ ಹಾಜರಾತಿ ಶೇಕಡಾ 75ಕ್ಕೆ ಬೇಕಾದದ್ದು ಶೇಕಡಾ 40ರ ಹತ್ತಿರ ನಿಂತಿತ್ತು. ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ದಪ್ಪ ದನಿಯೊಂದು, ‘ನಾ ಅವರ ಸೋದರಮಾವ ಮಾತಾಡೋದ್ರಿ, ಹುಡುಗಗ ಬುದ್ಧಿ ಹೇಳ್ತೀನಿ ಬಿಡ್ರಿ’ ಎಂದಿತು. ವಾರ ಕಳೆದರೂ ಹುಡುಗ ತರಗತಿಗೆ ಬರಲಿಲ್ಲ. ಒಂದು ಮಧ್ಯಾಹ್ನ ಅವನ ಕೋಣೆಯ ಮುಂದೆಯೇ ನಿಂತು ಮತ್ತೆ ಆ ನಂಬರ್ ಒತ್ತಿದೆ. ಮುಚ್ಚಿದ ಬಾಗಿಲಿನ ಒಳಗಿನಿಂದ ರಿಂಗಣ ಕೇಳಿಸಿತು!

ಬಾಗಿಲು ತಟ್ಟಿದೆ. ತೆರೆದವನು ಅವನೇ. ಕಣ್ಣು ಕೆಂಡ, ಮೈಮೇಲೆ ಕಂಬಳಿ, ಕೈಯಲ್ಲಿ ಎರಡು ಸಿಮ್ಮಿನ ಮೊಬೈಲು. ಸೋದರಮಾವನೂ ಅವನೇ, ಅಳಿಯನೂ ಅವನೇ. ನನಗೆ ಸಿಟ್ಟಿನ ಜೊತೆಗೆ ನಗುವೂ ಬಂತು. ಆಮೇಲೆ ಅವನು ಹೇಳಿದ ಮಾತು ಕೇಳಿ ನಗು ಹೋಯಿತು. ‘ಯಾರ ನಂಬರ್ ಬರೀಲಿ ಸರ? ಅಜ್ಜಿಗೆ ಫೋನ್ ಇರ್ಲಿಲ್ಲ. ಈಗ ಅಜ್ಜೀನೂ ಇಲ್ಲ.’

ಹಾವೇರಿ ಕಡೆಯ ಹುಡುಗ. ತಾಯಿ ತೀರಿಕೊಂಡಾಗ ನಾಲ್ಕು ವರ್ಷ. ತಂದೆ ಗೋವಾದ ಕಟ್ಟಡ ಕೆಲಸಕ್ಕೆಂದು ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ಸಾಕಿ ಬೆಳೆಸಿದ ಅಜ್ಜಿ, ಅವನು ಮೊದಲ ವರ್ಷದ ಪರೀಕ್ಷೆ ಬರೆಯುತ್ತಿದ್ದಾಗ ಹೋದಳು. ಮಣ್ಣಿಗೆ ಹೋಗಿ ಬಂದು ಮಾರನೆಯ ದಿನ ಪರೀಕ್ಷೆ ಬರೆದಿದ್ದಾನೆ. ಇಷ್ಟೆಲ್ಲ ಆದದ್ದು ನನ್ನ ಹಾಸ್ಟೆಲಿನಲ್ಲಿ, ನನಗೆ ಗೊತ್ತಿಲ್ಲದೆ. ಆ ಬೇಸಿಗೆಯಲ್ಲಿ ಹಿರಿಯ ಹುಡುಗನೊಬ್ಬ ಅವನ ಮೊಬೈಲಿಗೆ ಪಬ್‌ಜಿ ಹಾಕಿಕೊಟ್ಟಿದ್ದ.

ಇಸ್ಪೀಟು, ಕಾದಂಬರಿ, ಕಾಮೆಂಟರಿ

ವಿದ್ಯಾರ್ಥಿಗಳ ‘ಹುಚ್ಚು’ ಹೊಸದೇನಲ್ಲ. ನಮ್ಮ ಕಾಲದ ಹಾಸ್ಟೆಲುಗಳಲ್ಲಿ ರಾತ್ರಿಯಿಡೀ ಇಸ್ಪೀಟು ನಡೆಯುತ್ತಿತ್ತು. ಮುಂಜಾವಿನ ತನಕ ಪತ್ತೇದಾರಿ ಕಾದಂಬರಿ ಓದಿ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರಿದ್ದರು. ಕ್ರಿಕೆಟ್ ಕಾಮೆಂಟರಿಗೆಂದು ಪಾಕೆಟ್ ರೇಡಿಯೋವನ್ನು ದಿಂಬಿನೊಳಗೆ ಹೊಲಿದುಕೊಂಡವನೊಬ್ಬ ನನ್ನ ಸಹಪಾಠಿ. ಈಗ ಬ್ಯಾಂಕಿನಿಂದ ನಿವೃತ್ತನಾಗಿ ಸುಖವಾಗಿದ್ದಾನೆ. ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಪಾರ್ಲರುಗಳು ಬಂದವು, ಆಮೇಲೆ ಸೈಬರ್ ಕೆಫೆಗಳಲ್ಲಿ ಕೌಂಟರ್ ಸ್ಟ್ರೈಕ್. ಆದರೆ ಇವಕ್ಕೆಲ್ಲ ಒಂದು ಕಡಿವಾಣವಿತ್ತು. ಇಸ್ಪೀಟಿಗೆ ನಾಲ್ಕು ಜನ ಎಚ್ಚರವಾಗಿರಬೇಕು, ಕಾದಂಬರಿಗೆ ಕೊನೆಯ ಪುಟವಿದೆ, ಪಾರ್ಲರಿನವನು ಹತ್ತು ಗಂಟೆಗೆ ಬಾಗಿಲು ಎಳೆಯುತ್ತಾನೆ, ಜೇಬಿನ ಚಿಲ್ಲರೆಯೂ ಮುಗಿಯುತ್ತದೆ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ನೀರಿನ ಬೆಲೆಗೆ ಸಿಕ್ಕಿತು. 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂತು, ಅದೂ ಪುಕ್ಕಟೆಯಾಗಿ. ನೂರು ಜನ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ದ್ವೀಪವೊಂದಕ್ಕೆ ಇಳಿಯುತ್ತಾರೆ, ಬಂದೂಕು ಹುಡುಕಿಕೊಳ್ಳುತ್ತಾರೆ, ಆಡುವ ಬಯಲಿನ ವೃತ್ತ ಕಿರಿದಾಗುತ್ತಾ ಹೋಗುತ್ತದೆ, ಕೊನೆಗೆ ಉಳಿದವನು ಅಥವಾ ಉಳಿದ ತಂಡ ಗೆದ್ದಂತೆ. ಸುಮಾರು ಅರ್ಧ ಗಂಟೆಯ ಆಟ. ನೂರರಲ್ಲಿ ಎಂಬತ್ತನೆಯವನಾಗಿ ಸತ್ತರೆ ‘ಇನ್ನೊಂದು ಆಟ’ ಅನಿಸುತ್ತದೆ, ಎರಡನೆಯವನಾಗಿ ಸತ್ತರಂತೂ ಇನ್ನೊಂದು ಆಡದೆ ನಿದ್ದೆಯೇ ಬಾರದು.

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ ಒಂದು ಸಂಗತಿ ಕಂಡುಕೊಂಡಿದ್ದರು. ಗುಂಡಿ ಕುಟುಕಿದಾಗಲೆಲ್ಲ ಕಾಳು ಬಿದ್ದರೆ, ಕಾಳು ನಿಂತ ಮೇಲೆ ಹಕ್ಕಿಯೂ ಬೇಗ ಕುಟುಕುವುದನ್ನು ನಿಲ್ಲಿಸುತ್ತದೆ. ಯಾವ ಕುಟುಕಿಗೆ ಕಾಳು ಬೀಳುವುದೋ ಹೇಳಲು ಬಾರದಂತೆ ಮಾಡಿದರೆ ಅದು ಬಿಡದೆ ಕುಟುಕುತ್ತಲೇ ಇರುತ್ತದೆ. ಇಂದಿನ ಆಟಗಳಲ್ಲಿ ಪೆಟ್ಟಿಗೆ ಒಡೆದರೆ ಏನು ಸಿಗುವುದೋ ಗೊತ್ತಿಲ್ಲ, ದಿನವೂ ತೆರೆದರೆ ಒಂದು ಸಣ್ಣ ಬಹುಮಾನ, ತಪ್ಪಿಸಿದರೆ ನಷ್ಟ. ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ಡೈಮಂಡ್, ಕ್ರೌನ್, ಏಸ್ ಎಂದು ಮೆಟ್ಟಿಲು ಹತ್ತಿದರೆ, ‘ಸೀಸನ್’ ಮುಗಿದ ಕೂಡಲೇ ಒಂದಷ್ಟು ಮೆಟ್ಟಿಲು ಕೆಳಗಿಳಿಸಿ ಮತ್ತೆ ಹತ್ತು ಅನ್ನುತ್ತದೆ. ನಮ್ಮ ಹುಡುಗ ಏಸ್ ತನಕ ಹೋಗಿದ್ದ. ಗಣಿತದಲ್ಲಿ ಮಾತ್ರ ಎರಡು ಪೇಪರ್ ಬಾಕಿ.

ಬಿದ್ದವನನ್ನು ಎತ್ತುವವರು

ಬಂದೂಕು, ರಕ್ತ ಇವೇ ಹುಡುಗರನ್ನು ಎಳೆಯುತ್ತವೆ ಎಂದು ನಾನು ತಿಳಿದಿದ್ದೆ. ‘ಅಷ್ಟು ಕೊಂದು ಏನಪ್ಪಾ ಸಿಗುತ್ತೆ?’ ಎಂದು ಒಮ್ಮೆ ಕೇಳಿಯೂ ಬಿಟ್ಟೆ. ಅವನು ವಿವರಿಸಿದ ರೀತಿಯೇ ಬೇರೆ. ಆಟದಲ್ಲಿ ನಾಲ್ವರ ತಂಡ. ಗುಂಡು ತಗುಲಿ ಒಬ್ಬ ಬಿದ್ದರೆ ಕೂಡಲೇ ಸಾಯುವುದಿಲ್ಲ, ತೆವಳುತ್ತಿರುತ್ತಾನೆ. ತಂಡದವನೊಬ್ಬ ಓಡಿಬಂದು ಪಕ್ಕದಲ್ಲಿ ಕೂತು ಹತ್ತು ಸೆಕೆಂಡು ಆರೈಕೆ ಮಾಡಿದರೆ ಏಳುತ್ತಾನೆ. ಆ ಹತ್ತು ಸೆಕೆಂಡಿನಲ್ಲಿ ಎತ್ತುವವನೇ ಗುಂಡಿಗೆ ಬಲಿಯಾಗಬಹುದು. ಆದರೂ ಬರುತ್ತಾರೆ. ‘ನಾ ಬಿದ್ದೆ ಅಂದ್ರ ಮೂರೂ ಮಂದಿ ಓಡಿ ಬರ್ತಾರ ಸರ. ಅವರ ಹೆಸರೂ ನಂಗ ಗೊತ್ತಿಲ್ಲ.’

ಒಬ್ಬ ಕೇರಳದವನು, ಒಬ್ಬ ನಾಗಪುರದ ಕಡೆಯವನು, ಇನ್ನೊಬ್ಬ ಅಸ್ಸಾಮಿನವನಂತೆ. ಹರಕುಮುರುಕು ಹಿಂದಿಯಲ್ಲಿ ರಾತ್ರಿ ಹನ್ನೊಂದರಿಂದ ಮೂರರ ತನಕ ಮಾತು. ಇವನು ಒಂದು ದಿನ ಬಾರದಿದ್ದರೆ ‘ಎಲ್ಲಿ ಹೋಗಿದ್ದೆ?’ ಎಂದು ಕೇಳುವವರು ಆಗ ಇದ್ದದ್ದು ಅವರು ಮೂವರೇ. ಕಾಲೇಜಿನಲ್ಲಿ ಅವನು ಬಾರದಿದ್ದರೆ ನಾವು ರಿಜಿಸ್ಟರಿನಲ್ಲಿ ಒಂದು ಗೀಟು ಎಳೆಯುತ್ತಿದ್ದೆವು, ಅಷ್ಟೆ.

ಡೇನಿಯಲ್ ಕಾರ್ಡೆಫೆಲ್ಟ್-ವಿಂಥರ್ ಎಂಬ ಸಂಶೋಧಕ 2014ರಲ್ಲಿ ಇಂಥದ್ದೇ ವಾದ ಮುಂದಿಟ್ಟರು. ಅತಿಯಾಗಿ ಅಂತರ್ಜಾಲಕ್ಕೆ ಅಂಟಿದವರನ್ನು ‘ವ್ಯಸನಿ’ ಎಂದು ಕರೆದು ಮುಗಿಸುವುದಕ್ಕಿಂತ, ಬದುಕಿನ ಯಾವ ಕೊರತೆಯನ್ನು ಅವರು ಅಲ್ಲಿ ತುಂಬಿಕೊಳ್ಳುತ್ತಿದ್ದಾರೆ ಎಂದು ಕೇಳಬೇಕು ಎಂಬುದು ಅದರ ಸಾರ. ವೈದ್ಯಲೋಕದಲ್ಲೂ ಇದರ ಬಗ್ಗೆ ಸಾಕಷ್ಟು ಜಗಳವಿದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ‘ಇನ್ನೂ ಅಧ್ಯಯನ ಬೇಕು’ ಎಂಬ ಪಟ್ಟಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಇದನ್ನು ಸೇರಿಸಹೊರಟಾಗ ಹಲವು ವಿದ್ವಾಂಸರು, ಆಟವಾಡುವ ಮಕ್ಕಳಿಗೆಲ್ಲ ಸುಮ್ಮನೆ ಹಣೆಪಟ್ಟಿ ಅಂಟಿಸಿದಂತಾಗುತ್ತದೆ ಎಂದು ಬಹಿರಂಗವಾಗಿ ವಿರೋಧಿಸಿದರು. ಕೊನೆಗೆ 2019ರ ಮೇ ತಿಂಗಳಲ್ಲಿ ಹೊಸ ಪಟ್ಟಿಗೆ ಒಪ್ಪಿಗೆ ಸಿಕ್ಕಿತು; 2022ರ ಜನವರಿ 1ರಿಂದ ‘ಗೇಮಿಂಗ್ ಡಿಸಾರ್ಡರ್’ ಅಧಿಕೃತವಾಗಿ ಒಂದು ಕಾಯಿಲೆ.

ಅದರ ಲಕ್ಷಣಗಳನ್ನು ಹೇಳುವುದು ಒಳ್ಳೆಯದು, ಯಾಕೆಂದರೆ ನಮ್ಮಲ್ಲಿ ಮೊಬೈಲು ಹಿಡಿದ ಹುಡುಗರೆಲ್ಲ ವ್ಯಸನಿಗಳೇ ಎಂದು ಮಾತಾಡುವ ಅಭ್ಯಾಸವಿದೆ. ಆಟ ಯಾವಾಗ ಶುರು, ಯಾವಾಗ ನಿಲ್ಲಿಸಬೇಕು ಎಂಬ ಹಿಡಿತ ತಪ್ಪಿರಬೇಕು. ಊಟ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದಾಗಿರಬೇಕು. ಕೆಡುಕಾಗುತ್ತಿದೆ ಎಂದು ಕಣ್ಣಿಗೆ ಕಂಡರೂ ಬಿಡದೆ ಮುಂದುವರಿಯಬೇಕು. ಸಾಮಾನ್ಯವಾಗಿ ಹೀಗೆ ಒಂದು ವರ್ಷವಾದರೂ ನಡೆದಿರಬೇಕು. ದಿನಕ್ಕೆ ಇಷ್ಟು ಗಂಟೆ ಎಂಬ ಲೆಕ್ಕ ಅದರಲ್ಲಿಲ್ಲ. ದಿನಕ್ಕೆ ಮೂರು ಗಂಟೆ ಆಡಿ ಪ್ರಥಮ ದರ್ಜೆಯಲ್ಲಿ ಪಾಸಾದವರು ನನ್ನ ಹಾಸ್ಟೆಲಿನಲ್ಲೇ ಇದ್ದರು.

ಕಾನೂನಿನ ಕೈ ಹದಿನೆಂಟಕ್ಕೆ ಬಿಡುತ್ತದೆ

ದಕ್ಷಿಣ ಕೊರಿಯಾ 2011ರಲ್ಲಿ ಒಂದು ಕಾನೂನು ತಂದಿತ್ತು: 16 ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಿಗ್ಗೆ 6ರ ತನಕ ಆನ್‌ಲೈನ್ ಆಟ ಆಡುವಂತಿಲ್ಲ. ಹತ್ತು ವರ್ಷ ನಡೆಸಿ ನೋಡಿ, ಉಪಯೋಗ ಕಾಣದೆ ಕೈಬಿಟ್ಟರು. ಚೀನಾ 2021ರಲ್ಲಿ ಇನ್ನೂ ಬಿಗಿ ಮಾಡಿತು. 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ರಾತ್ರಿ 8ರಿಂದ 9, ಒಂದೇ ಗಂಟೆ. ನಮ್ಮಲ್ಲಿ ಪಬ್‌ಜಿಯ ಬದಲಿಗೆ 2021ರಲ್ಲಿ ಬಂದ ಬಿಜಿಎಂಐ ಆಟ, 18ರೊಳಗಿನವರು ತಂದೆತಾಯಿಯ ಮೊಬೈಲ್ ನಂಬರ್ ಕೊಟ್ಟು ಒಟಿಪಿ ಹಾಕಬೇಕು, ದಿನಕ್ಕೆ 3 ಗಂಟೆ ಮಾತ್ರ ಎಂದು ನಿಯಮ ಮಾಡಿಕೊಂಡಿತು. 2022ರ ಜುಲೈನಲ್ಲಿ ಅದನ್ನೂ ತಡೆದ ಸರ್ಕಾರ, 2023ರಲ್ಲಿ ಮತ್ತೆ ಬಿಟ್ಟಾಗ ದೊಡ್ಡವರಿಗೂ ದಿನಕ್ಕೆ 6 ಗಂಟೆಯ ಮಿತಿ ಬಂತು. ದಿನಕ್ಕೆ ಆರು ಗಂಟೆ! ಕಾಲೇಜಿನ ಪಾಠದ ಅವಧಿಯೂ ಅಷ್ಟಿರುವುದಿಲ್ಲ.

ನಂಬರ್ ಕೊಡುವ ತಂದೆತಾಯಿ ಇಲ್ಲದವನು ಏನು ಮಾಡುತ್ತಾನೆ ಎಂದು ಹೇಳಬೇಕಾಗಿಲ್ಲ. ‘ಸೋದರಮಾವ’ನ ಸಿಮ್ ಜೇಬಿನಲ್ಲೇ ಇರುತ್ತದೆ.

ಈ ಕಟ್ಟಳೆಗಳೆಲ್ಲ ಎಳೆಯ ಮಕ್ಕಳಿಗೆ, ಅದೂ ಮನೆಯಲ್ಲಿ ಒಬ್ಬ ಅಪ್ಪನೋ ಅಮ್ಮನೋ ಇದ್ದಾರೆಂಬ ನಂಬಿಕೆಯ ಮೇಲೆ ಕಟ್ಟಿದವು. ಪದವಿಗೆ ಬರುವ ಹೊತ್ತಿಗೆ ಹುಡುಗನಿಗೆ 18. ಬಾಲಮಂದಿರಗಳಲ್ಲಿ ಬೆಳೆದವರು ಆ ವಯಸ್ಸಿಗೇ ಹೊರಗೆ ಬರಬೇಕು. 2015ರ ಬಾಲನ್ಯಾಯ ಕಾಯ್ದೆಯಲ್ಲಿ 21ರ ತನಕ ಅನುಪಾಲನೆಯ ಅವಕಾಶವೇನೋ ಇದೆ, ಕೆಲವು ಸಂದರ್ಭಗಳಲ್ಲಿ 23ರ ತನಕವೂ. ಅದನ್ನು ಕೇಳಿ ಪಡೆಯುವಷ್ಟು ತಿಳಿವಳಿಕೆ ಇರುವ ಹುಡುಗರು ನನಗೆ ಸಿಕ್ಕಿದ್ದು ಕಡಿಮೆ.

ಇನ್ನು ಅಪ್ಪ ಅಮ್ಮ ಇದ್ದೂ ಇಲ್ಲದಂತಿರುವವರು. ಬೆಂಗಳೂರಿನ ಯಾವುದೋ ಕಟ್ಟಡದ ನೆರಳಿನ ಶೆಡ್ಡಿನಲ್ಲಿರುವ ತಂದೆಗೆ ಮಗ ‘ಡಿಗ್ರಿ ಓದ್ತಾವ್ನೆ’ ಎಂಬುದಷ್ಟೇ ಗೊತ್ತು. ಸೆಮಿಸ್ಟರ್ ಅಂದರೇನು, ಬ್ಯಾಕ್‌ಲಾಗ್ ಅಂದರೇನು ಎಂದು ಅವನಿಗೆ ಹೇಳಿಕೊಟ್ಟವರಾರು? ಪ್ರೀತಿಸಿದ್ದಕ್ಕೆ ಮನೆಯಿಂದ ಹೊರಹಾಕಿಸಿಕೊಂಡವರು ಉಂಟು. ಹಣ ಕಳಿಸುವುದೇ ತಮ್ಮ ಕೆಲಸ ಎಂದುಕೊಂಡ ಸ್ಥಿತಿವಂತರ ಮಕ್ಕಳೂ ಈ ಸಾಲಿನಲ್ಲೇ ನಿಲ್ಲುತ್ತಾರೆ. ಅವರ ಮೊಬೈಲು ಮಾತ್ರ ದುಬಾರಿಯದು.

ಹಾಗೆಂದು ಹಿರಿಯರು ಎದುರಿಗಿದ್ದರೆ ಎಲ್ಲ ಸರಿಯಾಗುತ್ತದೆ ಎಂದೂ ಅಲ್ಲ. ಧರ್ಮರಾಯ ಪಗಡೆಗೆ ಕೂತಾಗ ಭೀಷ್ಮ, ದ್ರೋಣ, ಕೃಪ ಎಲ್ಲರೂ ಅದೇ ಸಭೆಯಲ್ಲಿದ್ದರಲ್ಲ! ಬೇಡವೆಂದು ಬಾಯಿಬಿಟ್ಟು ಹೇಳಿದವನು ವಿದುರ.

ನಾನು ಮಾಡಿದ ತಪ್ಪು

ಬಾಗಿಲ ಹಿಂದೆ ಫೋನು ರಿಂಗಾದ ದಿನ ನಾನು ಮಾಡಿದ್ದು, ಬಹುಪಾಲು ವಾರ್ಡನ್‌ಗಳು ಮಾಡುವುದನ್ನೇ. ಮೊಬೈಲು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ‘ಎರಡು ವಾರ ಆಗಲಿ, ಆಮೇಲೆ ನೋಡೋಣ’ ಎಂದೆ. ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಿಂದ ಅಂದು ಚೆನ್ನಾಗಿ ನಿದ್ದೆ ಮಾಡಿದ್ದೂ ನೆನಪಿದೆ.

ಮೂರನೆಯ ದಿನ ಅವನು ಊಟಕ್ಕೆ ಬರುವುದನ್ನು ನಿಲ್ಲಿಸಿದ. ಸಹಪಾಠಿಯೊಬ್ಬನ ಮೇಲೆ ವಿನಾಕಾರಣ ಕೈಮಾಡಿದ. ವಿದ್ಯಾರ್ಥಿವೇತನದ ದುಡ್ಡು ಬಂದ ದಿನವೇ ಪೇಟೆಗೆ ಹೋಗಿ ಸೆಕೆಂಡ್‌ಹ್ಯಾಂಡ್ ಮೊಬೈಲೊಂದನ್ನು ತಂದ. ಪುಸ್ತಕ, ಮೆಸ್ ಬಾಕಿ, ಪರೀಕ್ಷಾ ಶುಲ್ಕ ಎಲ್ಲಕ್ಕೂ ಇದ್ದದ್ದು ಅದೊಂದೇ ದುಡ್ಡು. ಅದರಲ್ಲೇ ಸ್ವಲ್ಪವನ್ನು ಆಟದೊಳಗಿನ ನಾಣ್ಯಕ್ಕೂ ಹಾಕಿದ್ದನಂತೆ. ‘ಆಟದಾಗ ಹೊಸಾ ಅಂಗಿ ತಗೊಂಡೆ ಸರ’ ಎಂದ. ಮೈಮೇಲಿದ್ದ ಅಂಗಿಗೆ ಎರಡು ಗುಂಡಿ ಇರಲಿಲ್ಲ.

ಮನೆಯಿರುವ ಹುಡುಗನಾಗಿದ್ದರೆ ಇಷ್ಟರಲ್ಲಿ ತಂದೆಯನ್ನು ಕರೆಸಿ, ಟಿ.ಸಿ. ಮಾತೆತ್ತಿ ಕೈತೊಳೆದುಕೊಳ್ಳುತ್ತಿದ್ದೆನೋ ಏನೋ. ಇಲ್ಲಿ ಕರೆಸಲು ಯಾರೂ ಇರಲಿಲ್ಲ. ಹಾಗಾಗಿ ನಾನೇ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಹೋದೆ. ದಾರಿಯುದ್ದಕ್ಕೂ ‘ನಂಗ ಹುಚ್ಚು ಹಿಡಿದಿಲ್ಲ ಸರ’ ಎನ್ನುತ್ತಲೇ ಇದ್ದ.

ವೈದ್ಯರು ಮೊಬೈಲಿನ ಸುದ್ದಿಯನ್ನೇ ಎತ್ತಲಿಲ್ಲ. ಎಷ್ಟು ಹೊತ್ತಿಗೆ ನಿದ್ದೆ ಬರುತ್ತದೆ, ಹಸಿವಾಗುತ್ತದೆಯೇ, ಕೊನೆಯ ಸಲ ಅತ್ತದ್ದು ಯಾವಾಗ ಎಂದು ಕೇಳಿದರು. ಅಜ್ಜಿಯ ಮಣ್ಣಿನಲ್ಲೂ ಅವನು ಅತ್ತಿರಲಿಲ್ಲವಂತೆ. ಅಲ್ಲಿ, ಅಪರಿಚಿತರ ಮುಂದೆ, ಬೆಂಚಿನ ಮೇಲೆ ಕೂತು ಅತ್ತ. ಖಿನ್ನತೆ ಇದೆ, ಅದಕ್ಕೆ ಚಿಕಿತ್ಸೆ ಮಾಡೋಣ, ಆಟ ತಾನಾಗಿ ಸಡಿಲವಾಗಬಹುದು ಎಂದರು ವೈದ್ಯರು. ಮೊಬೈಲನ್ನು ವಾಪಸ್ ಕೊಡಿಸಿದ್ದೂ ಅವರೇ! ಒಮ್ಮೆಗೇ ನಿಲ್ಲಿಸುವುದು ಬೇಡ. ಎಷ್ಟು ಗಂಟೆಗೆ ಶುರು ಮಾಡಿದೆ, ಎಷ್ಟಕ್ಕೆ ಬಿಟ್ಟೆ ಎಂದು ಚೀಟಿಯಲ್ಲಿ ಬರೆಯಲಿ, ರಾತ್ರಿ ಆಡುವುದನ್ನು ಸಂಜೆಗೆ ತರಲಿ, ಒಂದೊಂದೇ ಆಟ ಕಡಿಮೆಯಾಗಲಿ.

ಕೇಳಲು ಸುಲಭ. ರಾತ್ರಿ ಮೂರಕ್ಕೆ ಮಲಗುವವನನ್ನು ಹನ್ನೊಂದಕ್ಕೆ ಮಲಗಿಸುವುದು ಹೇಗೆ? ದಾರಿ ಹುಡುಕಿದವರು ನಮ್ಮ ಹಾಸ್ಟೆಲಿನ ಅಡುಗೆಯವರು. ಹುಡುಗರೆಲ್ಲ ಅವರನ್ನು ‘ಅಕ್ಕ’ ಎನ್ನುತ್ತಿದ್ದರು. ಮನೋವಿಜ್ಞಾನದ ಗಂಧಗಾಳಿ ಇಲ್ಲದವರು. ‘ಬೆಳಿಗ್ಗೆ ಐದಕ್ಕೆ ಹಾಲಿನ ಕ್ಯಾನ್ ಇಳಿಸಿಕೊಳ್ಳೋಕೆ ಯಾರೂ ಇಲ್ಲ ಸಾರ್, ನನಗೂ ಸೊಂಟ ನೋವು. ಆ ಹುಡುಗನ್ನ ಕಳಿಸಿ’ ಎಂದರು. ಮೊದಲ ವಾರ ಅವರೇ ಹೋಗಿ ಬಾಗಿಲು ಬಡಿದು ಎಬ್ಬಿಸಿದರು. ಹಾಲು ಇಳಿಸಿ, ಒಲೆಯ ಮುಂದೆ ಮೊದಲ ಲೋಟ ಚಹಾ ಅವನಿಗೇ. ಮುಂಜಾನೆ ಐದಕ್ಕೆ ಏಳುವವನಿಗೆ ರಾತ್ರಿ ಹನ್ನೆರಡರ ಮೇಲೆ ಕಣ್ಣು ತೆರೆದಿರುವುದು ಕಷ್ಟವಾಯಿತು. ಮೂರ್ನಾಲ್ಕು ಸಲ ಜಾರಿದ. ಕಡ್ಲೆಬೇಳೆ ಆರಿಸುತ್ತಾ ಕೂತು ಅಕ್ಕನ ಜೊತೆ ಅಜ್ಜಿಯ ಮಾತೆಲ್ಲ ಆಡುತ್ತಿದ್ದನಂತೆ. ನನ್ನೆದುರು ಒಂದು ದಿನವೂ ಆಡಲಿಲ್ಲ.

ಊರಿಗೆ ಹೋಗಿ ಎಂದರು

ಆ ವರ್ಷ ಎರಡು ಪೇಪರ್‌ನಲ್ಲಿ ಒಂದನ್ನು ಮುಗಿಸಿದ. ಮೂರನೇ ವರ್ಷಕ್ಕೆ ಬಂದ. ಅಷ್ಟರಲ್ಲಿ 2020ರ ಮಾರ್ಚ್ ಬಂತು. ಕೊರೊನಾ, ಕಾಲೇಜಿಗೆ ರಜೆ, ಹಾಸ್ಟೆಲ್ ಖಾಲಿ ಮಾಡಬೇಕು ಎಂಬ ಆದೇಶ. ಹುಡುಗರು ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಓಡಿದರು. ಇವನು ವರಾಂಡದಲ್ಲಿ ಚೀಲದ ಮೇಲೆ ಕೂತಿದ್ದ. ‘ಮನೆಗೆ ಹೋಗಲ್ವೇನಪ್ಪಾ?’ ಎಂದು ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಡುಗೆಯ ಅಕ್ಕ ಅವನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಸಂತೆ ಮೈದಾನದ ಹಿಂದಿನ ಎರಡು ಕೋಣೆಯ ಮನೆ. ಗಂಡ, ಇಬ್ಬರು ಮಕ್ಕಳು, ಈಗ ಇವನೊಬ್ಬ. ಒಂದು ರಾತ್ರಿಗೆಂದು ಹೋದವನು ಹತ್ತು ತಿಂಗಳು ಅಲ್ಲಿದ್ದ.

ಆ ತಿಂಗಳುಗಳಲ್ಲಿ ಆಟ ಮತ್ತೆ ಹಳೆಯ ಜೋರಿಗೆ ಬಂತು. ತರಗತಿಯೇ ಮೊಬೈಲಿನೊಳಗೆ ಬಂದ ಮೇಲೆ ಮೊಬೈಲು ಬಿಡು ಎನ್ನುವುದು ಹೇಗೆ? ಪಾಠ ಕೇಳುವ ಕಿಟಕಿಯ ಪಕ್ಕದಲ್ಲೇ ಆಟದ ಕಿಟಕಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಚೀನಾದ ನಂಟಿನ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಮೊದಲೇ ಮೊಬೈಲಿಗೆ ಹಾಕಿಕೊಂಡಿದ್ದವರಿಗೆ ಅಕ್ಟೋಬರ್ 30ರ ತನಕ ಆಟ ನಡೆಯಿತು. ಅಂದು ಅದೂ ನಿಂತಿತು. ಪತ್ರಿಕೆಗಳಲ್ಲಿ ತಂದೆತಾಯಿಯರ ಹರ್ಷೋದ್ಗಾರ ಓದಿ ನಾನೂ ಸಂತೋಷಪಟ್ಟೆ.

ಆ ರಾತ್ರಿ ಅವನ ಫೋನ್ ಬಂತು. ‘ಸರ, ಆಟಾ ಹೋತು’ ಎಂದ. ‘ಒಳ್ಳೇದಾಯ್ತಲ್ಲಪ್ಪಾ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಅವರ ಮೂರೂ ಮಂದಿ ನಂಬರ್ ತಗೊಂಡಿರ್ಲಿಲ್ಲ ಸರ. ಇನ್ನ ಅವರು ಸಿಗಂಗಿಲ್ಲ.’ ಎರಡು ವರ್ಷ ದಿನವೂ ದನಿ ಕೇಳಿದ ಮೂವರು ಒಂದು ಸರ್ಕಾರಿ ಆದೇಶಕ್ಕೆ ಮಾಯವಾಗಿದ್ದರು. ಅದು ದುಃಖವೇ ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಕೆಲವು ದಿನ ಬೇರೆ ಆಟ ಹಾಕಿ ನೋಡಿದ, ಆ ಮೂವರು ಅಲ್ಲೇನಾದರೂ ಬಂದಾರೆಯೇ ಎಂದು.

ಯಾರ ಒಪ್ಪಿಗೆಯೂ ಬೇಕಿಲ್ಲ

ಈ ಬಗೆಯ ತೊಂದರೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್ ಕ್ಲಿನಿಕ್’ ಶುರು ಮಾಡಿತು. ಅದರ ಹಿಂದಿರುವವರು ಚಿಕಿತ್ಸಾ ಮನೋವಿಜ್ಞಾನದ ಪ್ರಾಧ್ಯಾಪಕ ಡಾ. ಮನೋಜ್ ಕುಮಾರ್ ಶರ್ಮಾ. ಆದರೆ ಹಾವೇರಿಯ ಅಥವಾ ಕೊಪ್ಪಳದ ಹುಡುಗನಿಗೆ ಬೆಂಗಳೂರು ದೂರ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಅವರನ್ನು ಕಳಿಸುವ ‘ಮನೋಚೈತನ್ಯ’ ಕಾರ್ಯಕ್ರಮವನ್ನೂ ರಾಜ್ಯ ಸರ್ಕಾರ ರೂಪಿಸಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416, ಕರೆಗೆ ಕಾಸಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಹುಡುಗರು ಹಿಂಜರಿಯುವುದಕ್ಕೆ ಒಂದು ಕಾರಣ, ‘ಮನೆಯವರನ್ನು ಕರಕೊಂಡು ಬಾ ಅಂದರೆ?’ ಎಂಬ ಅಳುಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ 18 ತುಂಬಿದವರು ತಾವೇ ಹೋಗಿ, ತಮ್ಮದೇ ಒಪ್ಪಿಗೆಯಿಂದ ಚಿಕಿತ್ಸೆ ಪಡೆಯಬಹುದು. ಅದೇ ಕಾಯ್ದೆಯಲ್ಲಿ ಇನ್ನೊಂದು ಒಳ್ಳೆಯ ಅಂಶವಿದೆ. ತನ್ನ ಪರವಾಗಿ ಮಾತಾಡಲು ಒಬ್ಬ ‘ನಾಮನಿರ್ದೇಶಿತ ಪ್ರತಿನಿಧಿ’ಯನ್ನು ಯಾರು ಬೇಕಾದರೂ ನೇಮಿಸಿಕೊಳ್ಳಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿದರೆ ಸಾಕು, ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಗೆಳೆಯನಾಗಬಹುದು, ಮೇಷ್ಟ್ರಾಗಬಹುದು, ಅಡುಗೆಯ ಅಕ್ಕನೂ ಆಗಬಹುದು. ನಮ್ಮ ಕಾಲೇಜುಗಳ ಸೂಚನಾಫಲಕಗಳಲ್ಲಿ ಇದನ್ನು ನಾನು ಎಲ್ಲಿಯೂ ಕಂಡಿಲ್ಲ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನಾದರೂ ಇಟ್ಟುಕೊಳ್ಳಬೇಕು ಎಂದು ನಿರ್ದೇಶನ ಕೊಟ್ಟಿತು. ಅದರ ಮರುತಿಂಗಳೇ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ರಮ್ಮಿಗೆ ಫೀಸಿನ ದುಡ್ಡು ಸುರಿದ ಹುಡುಗರನ್ನು ಕಂಡಿರುವ ನನಗೆ ಅದರಿಂದ ಸಮಾಧಾನವೇ. ಆದರೆ ದುಡ್ಡಿಲ್ಲದೆ ಬರೀ ನಿದ್ದೆಯನ್ನು, ವರ್ಷಗಳನ್ನು ಕಟ್ಟಿ ಆಡುವ ಆಟಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಸಮಾಲೋಚಕರ ಹುದ್ದೆಯ ಕತೆಯೂ ಅಷ್ಟೆ. ಬಹಳ ಕಡೆ ಸಮಾಜಶಾಸ್ತ್ರದ ಉಪನ್ಯಾಸಕರ ಕೊರಳಿಗೇ ಅದನ್ನೂ ತೂಗುಹಾಕಿ, ಒಂದು ಬೋರ್ಡು ಬರೆಸಿದರೆ ಮುಗಿಯಿತು ಎಂಬಂತಿದೆ.

ವಾರ್ಡನ್ ಕೆಲಸ ಬಿಡುವ ಮುನ್ನ ನಾನು ಮಾಡಿದ ಒಂದೇ ಬದಲಾವಣೆ ಎಂದರೆ, ಹೊಸಬರು ಸೇರಿದ ಮೊದಲ ವಾರದಲ್ಲೇ ಅರ್ಜಿಯಲ್ಲಿದ್ದ ಪ್ರತಿ ನಂಬರಿಗೂ ಫೋನ್ ಮಾಡಿ ಎರಡು ನಿಮಿಷ ಮಾತಾಡಿದ್ದು. ನೂರಾ ಇಪ್ಪತ್ತು ಹುಡುಗರಲ್ಲಿ ಏಳು ನಂಬರುಗಳು ಅವರವರದ್ದೇ ಆಗಿದ್ದವು. ಆ ಏಳು ಜನರನ್ನು ಬೈಯಲು ಹೋಗಲಿಲ್ಲ. ಬೆಳಗಿನ ಹಾಲು, ಸಂಜೆಯ ವಾಲಿಬಾಲ್ ನೆಟ್, ಗ್ರಂಥಾಲಯದ ಬೀಗದ ಕೈ ಹೀಗೆ ಒಂದೊಂದನ್ನು ಒಬ್ಬೊಬ್ಬರಿಗೆ ಒಪ್ಪಿಸಿದೆ. ಅದರಲ್ಲಿ ಇಬ್ಬರು ಕೈಜಾರಿಯೇ ಹೋದರು, ಓದು ಬಿಟ್ಟು ಎಲ್ಲಿಗೋ ಹೊರಟುಹೋದರು. ಅವರ ನಂಬರು ಈಗ ಚಾಲ್ತಿಯಲ್ಲಿಲ್ಲ.

ಹಾವೇರಿಯ ಹುಡುಗ ಉಳಿದ ಪೇಪರುಗಳನ್ನೆಲ್ಲ ಮುಗಿಸಿ 2022ರಲ್ಲಿ ಪದವಿ ಪಡೆದ. ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಭಾನುವಾರ ಈಗಲೂ ಒಂದೆರಡು ಆಟ ಆಡುತ್ತಾನೆ, ಅದನ್ನು ಮುಚ್ಚಿಡುವುದಿಲ್ಲ. ಕೆಲಸಕ್ಕೆ ಸೇರುವ ದಿನ ನನಗೊಂದು ಫೋನ್ ಮಾಡಿದ್ದ. ಕಂಪನಿಯವರು ಕೊಟ್ಟ ಫಾರಂನಲ್ಲಿ ‘ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು’ ಎಂಬ ಕಾಲಂ ಇದೆಯಂತೆ. ಅಕ್ಕನ ನಂಬರ್ ಬರೆದಿದ್ದ. ಪಕ್ಕದಲ್ಲಿ ‘ಸಂಬಂಧ’ ಎಂದು ಕೇಳಿದ್ದಾರೆ, ಅಲ್ಲಿ ಏನಂತ ಬರೀಲಿ ಸರ ಎಂದು ಕೇಳಿದ.